ಸ್ಟಾರ್‌ಡ್ಯೂ ವ್ಯಾಲಿಯ ಕ್ಯಾಲೆಂಡರ್ ಕೈಕೊಟ್ಟಾಗ: ಮಾಡ್ ಹಾಕಿಕೊಂಡವರಿಗೆ

ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ತೋಟ ಮಾಡುವ ಆಟದಲ್ಲಿ ವಿಂಟರ್ 10 ಅಂದರೆ ಆ ಊರಿನ ಸೆಬಾಸ್ಟಿಯನ್ ಹುಟ್ಟುಹಬ್ಬ. ನಮ್ಮ ಮನೆಯವರ ಹುಟ್ಟುಹಬ್ಬಕ್ಕಿಂತ ಇದು ನನಗೆ ಚೆನ್ನಾಗಿ ನೆನಪಿರುತ್ತದೆ, ನಾಚಿಕೆಯೇನಿಲ್ಲ. ಹೋದ ತಿಂಗಳು ಅವನಿಗೆ ಕೊಡಲು ಪೆಟ್ಟಿಗೆಯಿಂದ ಫ್ರೋಜನ್ ಟಿಯರ್ ಅನ್ನುವ ಒಂದು ಹರಳು ತೆಗೆದುಕೊಂಡು ಹೊರಟೆ. ದಾರಿಯಲ್ಲಿ ಪಿಯರ್ ಅಂಗಡಿ ಮುಂದಿನ ಕ್ಯಾಲೆಂಡರ್ ನೋಡಿದರೆ 10ರ ಮನೆ ಖಾಲಿ. ಇರಲಿ, ಚಿತ್ರ ಬಂದಿಲ್ಲ ಅಷ್ಟೇ ಅಂದುಕೊಂಡು ಹೋಗಿ ಕೊಟ್ಟೆ. ಅವನು ಮಾಮೂಲಿ ದಿನದ ಮಾತನ್ನೇ ಆಡಿದ. ಹುಟ್ಟುಹಬ್ಬದ ದಿನ ಕೊಟ್ಟ ಉಡುಗೊರೆಗೆ ಸ್ನೇಹದ ಅಂಕ 8 ಪಟ್ಟು ಬರಬೇಕು, ನನಗೆ ಬಂದಿದ್ದು ಬರೀ ಒಂದು ಪಟ್ಟು. ಅಂದರೆ ಚಿತ್ರ ಮಾತ್ರ ಹೋಗಿಲ್ಲ, ಅವನು ಹುಟ್ಟಿದ ದಿನವೇ ಆಟದಿಂದ ಮಾಯವಾಗಿದೆ!

ಆ ರಾತ್ರಿ ಎರಡು ಗಂಟೆ ತನಕ ಕೂತು ಹುಡುಕಿದೆ. (ಆಟದಲ್ಲಾಗಿದ್ದರೆ ಎರಡಕ್ಕೆ ಸರಿಯಾಗಿ ಪ್ರಜ್ಞೆ ತಪ್ಪಿ ಬೀಳುತ್ತಿದ್ದೆ.) ಹುಡುಕುವಾಗ ಮಾಡಬಾರದ ತಪ್ಪನ್ನೆಲ್ಲ ಮಾಡಿದ ಮೇಲೆ ಒಂದು ದಾರಿ ಸಿಕ್ಕಿತು, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಕಂಪ್ಯೂಟರಿನಲ್ಲಿ ಆಡುವವರಿಗೆ, 1.6 ಅಥವಾ ಅದರ ನಂತರದ ಆವೃತ್ತಿ ಇರುವವರಿಗೆ, ಸ್ಮಾಪಿ (ಮಾಡ್‌ಗಳನ್ನು, ಅಂದರೆ ಆಡುವವರೇ ಬರೆದು ಆಟಕ್ಕೆ ಸೇರಿಸುವ ಬದಲಾವಣೆಗಳನ್ನು, ಓಡಿಸುವ ಪ್ರೋಗ್ರಾಂ) ಮತ್ತು ಕಂಟೆಂಟ್ ಪ್ಯಾಚರ್ (ಆಟದ ಕಡತಗಳನ್ನು ಬದಲಿಸಲು ಬೇರೆ ಮಾಡ್‌ಗಳು ಬಳಸುವ ಮಾಡ್) ಹಾಕಿಕೊಂಡವರಿಗೆ. ಇನ್ನೊಂದು ವಿಷಯ. ಕಮಾಂಡುಗಳನ್ನು ನಾನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ಎಲ್ಲಾ ಸಣ್ಣ ಅಕ್ಷರ.

ಮೊದಲು ಸೇವ್ ಕಾಪಿ ಮಾಡಿಕೊಳ್ಳಿ

ಇದನ್ನು ಬಿಟ್ಟು ಮುಂದೆ ಓದಬೇಡಿ. ವಿಂಡೋಸ್‌ನಲ್ಲಿ ಆಪ್‌ಡೇಟಾ, ರೋಮಿಂಗ್, ಸ್ಟಾರ್‌ಡ್ಯೂವ್ಯಾಲಿ, ಸೇವ್ಸ್ ಅಂತ ಒಳಗೊಳಗೆ ಹೋದರೆ ನಿಮ್ಮ ಹೆಸರಿನ ಜೊತೆ ಉದ್ದ ಸಂಖ್ಯೆ ಇರುವ ಒಂದು ಫೋಲ್ಡರ್ ಸಿಗುತ್ತದೆ. ಅದನ್ನು ಇಡಿಯಾಗಿ ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ. ಸ್ಮಾಪಿ ಜೊತೆಗೇ ಸೇವ್ ಬ್ಯಾಕಪ್ ಅನ್ನುವ ಪುಟ್ಟ ಮಾಡ್ ಬರುತ್ತದೆ. ಅದು ಆಟದ ಫೋಲ್ಡರಿನಲ್ಲಿ ಸೇವ್-ಬ್ಯಾಕಪ್ಸ್ ಅಂತ ಒಂದು ಜಾಗದಲ್ಲಿ ಹಳೆಯ ಕಾಪಿಗಳನ್ನು ಇಟ್ಟಿರುತ್ತದೆ, ಬಹಳ ಜನಕ್ಕೆ ಇದು ಗೊತ್ತೇ ಇರಲ್ಲ. ಆದರೂ ಕೈಯಾರೆ ಒಂದು ಕಾಪಿ ಇರಲಿ. ಸ್ಟೀಮ್‌ನಲ್ಲಿ ಆಡುವವರು ಈ ರಿಪೇರಿ ಮುಗಿಯುವ ತನಕ ಕ್ಲೌಡ್ ಸೇವ್ ಆಫ್ ಮಾಡಿಟ್ಟರೆ ಒಳ್ಳೆಯದು. ಇಲ್ಲವಾದರೆ ನೀವು ಹಳೆಯ ಸೇವ್ ವಾಪಸ್ ಹಾಕಿದ್ದೇ ತಡ, ಯಾವುದು ಬೇಕು ಅಂತ ಕೇಳುತ್ತದೆ, ಅವಸರದಲ್ಲಿ ತಪ್ಪಾದದ್ದನ್ನೇ ಒತ್ತಿಬಿಡುತ್ತೀರಿ.

ಕೆಟ್ಟಿರುವುದು ಏನು?

"ಕ್ಯಾಲೆಂಡರ್ ಕೆಟ್ಟಿದೆ" ಅಂತ ಹೇಳುವಾಗ ಜನ ಮೂರು ಬೇರೆ ಬೇರೆ ವಿಷಯ ಹೇಳುತ್ತಿರುತ್ತಾರೆ. ಒಂದು, ದಿನಾಂಕವೇ ತಪ್ಪಾಗಿರುವುದು. ಎರಡು, ದಿನಾಂಕ ಸರಿಯಿದ್ದು ಹುಟ್ಟುಹಬ್ಬ, ಜಾತ್ರೆಗಳ ಪಟ್ಟಿ ತಪ್ಪಾಗಿರುವುದು. ಮೂರು, ಎಲ್ಲಾ ಸರಿಯಿದ್ದು ಬರೀ ಚಿತ್ರ ಹಾಳಾಗಿರುವುದು. ಮೂರಕ್ಕೂ ಮದ್ದು ಬೇರೆ. ನಾನು ಎರಡನೆಯದನ್ನು ಇಟ್ಟುಕೊಂಡು ಒಂದನೆಯದರ ಮದ್ದು ಮಾಡಿ ಸೇವ್ ಇನ್ನಷ್ಟು ಕೆಡಿಸಿದೆ.

ಆಟದ ವರ್ಷ ತುಂಬಾ ಸರಳ. ನಾಲ್ಕು ಋತು, ಒಂದೊಂದಕ್ಕೆ 28 ದಿನ, ಒಟ್ಟು 112. ಪ್ರತಿ ಋತುವಿನ 1ನೇ ತಾರೀಕು ಸೋಮವಾರವೇ. ವಾರ ಅನ್ನುವುದನ್ನು ಆಟ ಬೇರೆಯಾಗಿ ಬರೆದಿಟ್ಟುಕೊಳ್ಳುವುದಿಲ್ಲ, ತಾರೀಕಿನಿಂದಲೇ ಲೆಕ್ಕ ಹಾಕುತ್ತದೆ. ಹಾಗಾಗಿ ಪರೀಕ್ಷೆ ಸುಲಭ. ಪರದೆಯ ಮೂಲೆಯಲ್ಲಿ ಇವತ್ತು 10 ಅಂತಿದ್ದರೆ ಅದು ಬುಧವಾರ ಆಗಿರಲೇಬೇಕು, ಕಮ್ಯುನಿಟಿ ಸೆಂಟರ್ ಇನ್ನೂ ಮುಗಿಸಿಲ್ಲದಿದ್ದರೆ ಪಿಯರ್ ಅಂಗಡಿ ಮುಚ್ಚಿರಲೇಬೇಕು. ಶುಕ್ರವಾರ, ಭಾನುವಾರ ಟ್ರಾವೆಲಿಂಗ್ ಕಾರ್ಟ್ ಬಂದಿರಬೇಕು. ಭಾನುವಾರ ಟಿವಿಯಲ್ಲಿ ಹೊಸ ಅಡುಗೆ ಬರಬೇಕು. ಇವೆಲ್ಲ ಹೊಂದಿಕೆಯಾದರೆ ಗಡಿಯಾರ ಸರಿಯಿದೆ, ದಿನಾಂಕಕ್ಕೆ ಕೈ ಹಾಕಬೇಡಿ.

ಕ್ಯಾಲೆಂಡರ್ ಬೋರ್ಡಿಗೆ ಸ್ವಂತ ಬುದ್ಧಿ ಇಲ್ಲ. ನಮ್ಮನೆಯಲ್ಲಿ ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಾರೆ. ಲೆಕ್ಕ ತಪ್ಪಿದರೆ ಕ್ಯಾಲೆಂಡರ್ ಬದಲಾಯಿಸಿದರೆ ಆಗುತ್ತದಾ? ಇಲ್ಲೂ ಹಾಗೇ. ನೀವು ಬೋರ್ಡ್ ತೆರೆದ ಕ್ಷಣದಲ್ಲಿ ಆಟ ಬೇರೆ ಕಡತಗಳಿಂದ ವಿಷಯ ತಂದು 28 ಮನೆಗಳಲ್ಲಿ ತುಂಬುತ್ತದೆ. ಹುಟ್ಟುಹಬ್ಬ ಬರುವುದು ಡೇಟಾ ಕ್ಯಾರೆಕ್ಟರ್ಸ್ ಅನ್ನುವ ಕಡತದಿಂದ. ಎಗ್ ಫೆಸ್ಟಿವಲ್, ಲುವಾವ್ ಥರದ ಹಬ್ಬಗಳು ಫೆಸ್ಟಿವಲ್‌ಡೇಟ್ಸ್‌ನಿಂದ. ವಿಂಟರ್ 15ರಿಂದ 17ರ ನೈಟ್ ಮಾರ್ಕೆಟ್ ಥರದವು ಪ್ಯಾಸಿವ್‌ಫೆಸ್ಟಿವಲ್ಸ್‌ನಿಂದ. ಹಿನ್ನೆಲೆಯ ಮರದ ಹಲಗೆ ಚಿತ್ರ ಲೂಸ್‌ಸ್ಪ್ರೈಟ್ಸ್ ಒಳಗಿನ ಬಿಲ್‌ಬೋರ್ಡ್‌ನಿಂದ. ಈ ನಾಲ್ಕರಲ್ಲಿ ಯಾವುದೋ ಒಂದನ್ನು ಯಾವುದೋ ಮಾಡ್ ಮುಟ್ಟಿರುತ್ತದೆ, ಅಷ್ಟೇ.

ಕೆಟ್ಟಿಲ್ಲದೆಯೂ ಕೆಟ್ಟ ಹಾಗೆ ಕಾಣುವವು ಇವೆ. ಮೊದಲ ವರ್ಷ ಸ್ಪ್ರಿಂಗ್ 4ರಂದು ಕೆಂಟ್ ಕಾಣದಿದ್ದರೆ ಗಾಬರಿ ಬೇಡ, ಅವನು ಊರಿಗೆ ಬರುವುದೇ ಎರಡನೇ ವರ್ಷ. ಡ್ವಾರ್ಫ್, ಕ್ರೋಬಸ್, ಸ್ಯಾಂಡಿ ಇವರನ್ನು ಭೇಟಿ ಆಗುವ ತನಕ ಅವರ ದಿನ ಬೋರ್ಡಿನಲ್ಲಿ ಬರುವುದಿಲ್ಲ. 1.6ರಲ್ಲಿ ಮಾಡ್ ಬರೆಯುವವರಿಗೂ ಈ ಸೌಲಭ್ಯ ಇದೆ. ಪಾತ್ರದ ವಿವರದಲ್ಲಿ ಕ್ಯಾಲೆಂಡರ್ ಅನ್ನುವ ಒಂದು ಸಾಲು ಹಾಕಿ, ಭೇಟಿಯಾಗುವ ತನಕ ಬಚ್ಚಿಡು ಅಥವಾ ಯಾವತ್ತೂ ತೋರಿಸಬೇಡ ಅಂತ ಹೇಳಬಹುದು. ದೊಡ್ಡ ಮಾಡ್‌ಗಳಲ್ಲಿ ಬರುವ ಹೊಸ ಜನ ಕಾಣದಿದ್ದರೆ ಮೊದಲು ಅವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿ.

ಕಪ್ಪು ಕಿಟಕಿಯನ್ನು ಓದಿ

ಆಟ ಶುರುವಾದಾಗ ಜೊತೆಗೆ ತೆರೆದುಕೊಳ್ಳುವ ಸ್ಮಾಪಿ ಕಿಟಕಿಯನ್ನು ನಾವೆಲ್ಲ ಮಿನಿಮೈಸ್ ಮಾಡಿ ಮರೆತುಬಿಡುತ್ತೇವೆ ಅಲ್ವಾ? ಉತ್ತರ ಮುಕ್ಕಾಲು ಸಲ ಅಲ್ಲೇ ಇರುತ್ತದೆ. ಕೆಂಪು ಸಾಲುಗಳನ್ನು ನೋಡಿ. ಯಾವುದಾದರೂ ಮಾಡ್ ಲೋಡ್ ಆಗದೆ ಉಳಿದಿದ್ದರೆ ಅದರ ಹೆಸರು ಮತ್ತು ಕಾರಣ ಶುರುವಿನಲ್ಲೇ ಬರುತ್ತದೆ. ಬಹುಪಾಲು ಅದಕ್ಕೆ ಬೇಕಾದ ಇನ್ನೊಂದು ಮಾಡ್ ಇಲ್ಲ ಅನ್ನುವುದೇ ಆಗಿರುತ್ತದೆ. ಕಿಟಕಿ ಮುಚ್ಚಿಬಿಟ್ಟಿದ್ದರೂ ಪರವಾಗಿಲ್ಲ, ಸೇವ್ಸ್ ಪಕ್ಕದಲ್ಲೇ ಎರರ್‌ಲಾಗ್ಸ್ ಫೋಲ್ಡರ್ ಇದೆ, ಅದರಲ್ಲಿ ಸ್ಮಾಪಿ-ಲೇಟೆಸ್ಟ್ ಅನ್ನುವ ಕಡತ ಇರುತ್ತದೆ, ಕಿಟಕಿಯಲ್ಲಿ ಬಂದ ಸಾಲುಗಳ ದಾಖಲೆ, ಲಾಗ್ ಅನ್ನುವುದು ಇದನ್ನೇ. ಅದನ್ನು ಸ್ಮಾಪಿ ಡಾಟ್ ಐಓ ತಾಣದ ಲಾಗ್ ಪುಟದಲ್ಲಿ ಹಾಕಿದರೆ ಬಣ್ಣ ಹಚ್ಚಿ, ಯಾವ ಮಾಡ್ ಹಳೆಯದಾಗಿದೆ ಅಂತಲೂ ತೋರಿಸುತ್ತದೆ. ಯಾರ ಹತ್ತಿರವಾದರೂ ಸಹಾಯ ಕೇಳುವಾಗ ಕೊಂಡಿ ಕೊಡುವುದಕ್ಕೂ ಇದೇ ಅನುಕೂಲ.

ನನ್ನ ತಂಗಿಯ ಕಥೆ ಹೇಳುತ್ತೇನೆ. ಅವಳು ನಮ್ಮಜ್ಜಿಯನ್ನೇ ಪಾತ್ರ ಮಾಡಿ ಒಂದು ಪುಟ್ಟ ಮಾಡ್ ಬರೆದಳು. ಅಜ್ಜಿಗೆ ಮನೆ, ಬೈಗುಳ, ವೀಳ್ಯದೆಲೆ ಎಲ್ಲಾ ಇತ್ತು. ಕ್ಯಾಲೆಂಡರಿನಲ್ಲಿ ಮಾತ್ರ ಅಜ್ಜಿ ಇಲ್ಲ, ಊರಲ್ಲೂ ಇಲ್ಲ. ಲಾಗ್ ನೋಡಿದರೆ ಒಂದೇ ಸಾಲು: ಡೇಟಾ ಕ್ಯಾರೆಕ್ಟರ್ಸ್‌ಗೆ ಈ ಎಂಟ್ರಿ ಹಾಕಲು ಆಗಲಿಲ್ಲ, ಋತುವಿನ ಹೆಸರು ಅರ್ಥವಾಗಲಿಲ್ಲ ಅಂತ. ಅವಳು ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಆಟಮ್ ಅಂತ ಬರೆದಿದ್ದಳು. ಆಟಕ್ಕೆ ಗೊತ್ತಿರುವುದು ಫಾಲ್ ಮಾತ್ರ. ಒಂದು ಪದ ತಪ್ಪಿದ್ದಕ್ಕೆ ಹುಟ್ಟುಹಬ್ಬ ಒಂದೇ ಅಲ್ಲ, ಅಜ್ಜಿಯ ಇಡೀ ದಾಖಲೆಯೇ ಒಳಗೆ ಹೋಗಿರಲಿಲ್ಲ. ನೀವೇ ಮಾಡ್ ಬರೆಯುತ್ತಿದ್ದರೆ ಇದೊಂದನ್ನು ಮೊದಲು ನೋಡಿ.

ಅಪರಾಧಿ ಯಾರು ಅಂತ ಹಿಡಿಯುವುದು

ಸೆಬಾಸ್ಟಿಯನ್ ವಿಷಯದಲ್ಲಿ ಲಾಗ್ ಪೂರ್ತಿ ಸ್ವಚ್ಛ. ಒಂದೂ ಕೆಂಪು ಸಾಲಿಲ್ಲ. ಹೀಗಾದಾಗ ಕಂಟೆಂಟ್ ಪ್ಯಾಚರ್‌ನದೇ ಒಂದು ಕಮಾಂಡ್ ಇದೆ. ಸೇವ್ ತೆರೆದಿರುವಾಗಲೇ ಸ್ಮಾಪಿ ಕಿಟಕಿಗೆ ಹೋಗಿ "ಪ್ಯಾಚ್ ಎಕ್ಸ್‌ಪೋರ್ಟ್" ಅಂತ ಹೊಡೆದು, ಜಾಗ ಬಿಟ್ಟು, ಡೇಟಾ, ಓರೆಗೆರೆ, ಕ್ಯಾರೆಕ್ಟರ್ಸ್ ಅಂತ ಹೊಡೆಯಿರಿ. ಎಲ್ಲಾ ಮಾಡ್‌ಗಳೂ ಕೈಯಾಡಿಸಿದ ಮೇಲೆ ಆ ಕಡತ ಈಗ ಹೇಗಿದೆಯೋ ಹಾಗೆ ಒಂದು ಕಾಪಿ ಆಟದ ಫೋಲ್ಡರಿನೊಳಗೆ ಪ್ಯಾಚ್ ಎಕ್ಸ್‌ಪೋರ್ಟ್ ಅನ್ನುವ ಜಾಗದಲ್ಲಿ ಬಂದು ಕೂರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದು ಪಾತ್ರದ ಹೆಸರು ಹುಡುಕಿ. ಬರ್ತ್‌ಸೀಸನ್, ಬರ್ತ್‌ಡೇ ಎರಡು ಸಾಲು ನೋಡಿ.

ನನ್ನದರಲ್ಲಿ ಬರ್ತ್‌ಸೀಸನ್ ಎದುರು ನಲ್ (ಅಂದರೆ ಖಾಲಿ), ಬರ್ತ್‌ಡೇ ಎದುರು 0.

ಸರಿ, ಇದನ್ನು ಮಾಡಿದ್ದು ಯಾರು? ಅದಕ್ಕೆ "ಪ್ಯಾಚ್ ಸಮ್ಮರಿ ಅಸೆಟ್" ಅಂತ ಹೊಡೆದು ಮುಂದೆ ಅದೇ ಕಡತದ ಹೆಸರು ಕೊಡಿ. ಆ ಕಡತವನ್ನು ಮುಟ್ಟುವ ಪ್ರತಿ ಮಾಡ್‌ನ ಪಟ್ಟಿ ಬರುತ್ತದೆ, ಯಾವುದು ಈಗ ಜಾರಿಯಲ್ಲಿದೆ ಅಂತ ಗುರುತಿನ ಸಮೇತ. ನನ್ನ ಪಟ್ಟಿಯಲ್ಲಿ ನಾಲ್ಕಿತ್ತು. ಮೂರು ದೊಡ್ಡ ಮಾಡ್, ಒಂದು ಸೆಬಾಸ್ಟಿಯನ್‌ನ ಮನೆ ವಿವರ ಬದಲಿಸುವ ಸಣ್ಣ ಮಾಡ್. ಅದನ್ನು ತೆರೆದು ನೋಡಿದೆ. ಕಂಟೆಂಟ್ ಪ್ಯಾಚರ್‌ನಲ್ಲಿ ಎಂಟ್ರೀಸ್ ಅಂತ ಬರೆದರೆ ಆ ಪಾತ್ರದ ಹಳೆಯ ದಾಖಲೆ ಪೂರಾ ಹೋಗಿ ಹೊಸದು ಬರುತ್ತದೆ, ಫೀಲ್ಡ್ಸ್ ಅಂತ ಬರೆದರೆ ಹೇಳಿದ ಸಾಲು ಮಾತ್ರ ಬದಲಾಗುತ್ತದೆ. ಆ ಪುಣ್ಯಾತ್ಮ ಎಂಟ್ರೀಸ್ ಬಳಸಿ ತನಗೆ ಬೇಕಾದ ಸಾಲುಗಳನ್ನಷ್ಟೇ ಬರೆದಿದ್ದ. ಉಳಿದಿದ್ದೆಲ್ಲ, ಹುಟ್ಟುಹಬ್ಬ ಸಮೇತ, ಗುಡಿಸಿ ಹೋಗಿತ್ತು. ಆಟದ ದೃಷ್ಟಿಯಲ್ಲಿ ಇದು ತಪ್ಪೇ ಅಲ್ಲ, ಹುಟ್ಟುಹಬ್ಬ ಇಲ್ಲದ ಪಾತ್ರ ಇರಬಹುದಲ್ಲ. ಅದಕ್ಕೇ ಲಾಗ್ ಸುಮ್ನೆ ಇತ್ತು.

ರಿಪೇರಿ ಎರಡು ನಿಮಿಷದ್ದು. ಆ ಮಾಡ್‌ನ ಕಂಟೆಂಟ್ ಕಡತದಲ್ಲಿ ಎಂಟ್ರೀಸ್ ಅಂತ ಇದ್ದಲ್ಲಿ ಫೀಲ್ಡ್ಸ್ ಮಾಡಿ ಉಳಿಸಿದೆ. "ಪ್ಯಾಚ್ ರೀಲೋಡ್" ಅಂತ ಹೊಡೆದು ಆ ಮಾಡ್‌ನ ಐಡಿ ಕೊಟ್ಟರೆ ಆಟ ಮುಚ್ಚದೆ ಮತ್ತೆ ಓದಿಕೊಳ್ಳುತ್ತದೆ. ಐಡಿ ಬೇಕಾದರೆ ಮ್ಯಾನಿಫೆಸ್ಟ್ ಕಡತದಲ್ಲಿ ಯೂನಿಕ್‌ಐಡಿ ಅನ್ನುವ ಸಾಲಿನಲ್ಲಿದೆ. ಪಾತ್ರಗಳ ವಿಷಯವಾದ್ದರಿಂದ ನಾನು ಟೈಟಲ್ ಪರದೆಗೆ ಹೋಗಿ ಸೇವನ್ನೂ ಒಮ್ಮೆ ಮತ್ತೆ ತೆರೆದೆ. ಕಡತ ತಿದ್ದುವುದು ಬೇಡ ಅನ್ನುವವರು ಆ ಮಾಡನ್ನೇ ತೆಗೆಯಿರಿ, ಮಾಡ್ ಬರೆದವರಿಗೆ ವಿಷಯ ತಿಳಿಸಿ. ಬೈಯಬೇಡಿ, ಬಿಟ್ಟಿ ಕೆಲಸ ಮಾಡುವವರು.

ಕಂಟೆಂಟ್ ಪ್ಯಾಚರ್ ಬಳಸದೆ ಕೋಡ್‌ನಲ್ಲೇ ಬರೆದ ಮಾಡ್‌ಗಳು ಈ ಪಟ್ಟಿಯಲ್ಲಿ ಬರುವುದಿಲ್ಲ. ಆಗ ಅರ್ಧರ್ಧ ಮಾಡುವ ಹಳೆಯ ವಿದ್ಯೆಯೇ ಗತಿ. ಮಾಡ್ಸ್ ಫೋಲ್ಡರಿನಲ್ಲಿ ಅರ್ಧ ಮಾಡ್‌ಗಳ ಫೋಲ್ಡರ್ ಹೆಸರಿನ ಮುಂದೆ ಒಂದು ಚುಕ್ಕಿ ಇಡಿ. ಚುಕ್ಕಿಯಿಂದ ಶುರುವಾಗುವ ಫೋಲ್ಡರನ್ನು ಸ್ಮಾಪಿ ಮುಟ್ಟುವುದಿಲ್ಲ, ಡಿಲೀಟ್ ಮಾಡುವ ಅಗತ್ಯವೇ ಇಲ್ಲ. ಆಟ ತೆರೆದು ಕ್ಯಾಲೆಂಡರ್ ನೋಡಿ. ಸರಿಹೋದರೆ ಕಳ್ಳ ಚುಕ್ಕಿ ಇಟ್ಟ ಅರ್ಧದಲ್ಲಿದ್ದಾನೆ, ಸರಿಹೋಗದಿದ್ದರೆ ಇನ್ನೊಂದರಲ್ಲಿ. 64 ಮಾಡ್ ಇದ್ದರೂ ಆರು ಸಲ ತೆರೆದರೆ ಸಿಕ್ಕಿಬೀಳುತ್ತಾನೆ. ಕಂಟೆಂಟ್ ಪ್ಯಾಚರ್ ಥರ ಬೇರೆಯವು ನೆಚ್ಚಿಕೊಂಡಿರುವ ಮಾಡ್‌ಗಳನ್ನು ಮಾತ್ರ ಆಚೆ ಇಡಬೇಡಿ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ನಾನು ಪೆಟ್ಟು ತಿಂದು ಕಲಿತದ್ದು: ಅರ್ಧ ಮಾಡ್ ತೆಗೆದಿರುವಾಗ ನಿಮ್ಮ ನಿಜವಾದ ತೋಟದಲ್ಲಿ ಮಲಗಬೇಡಿ, ಮಲಗಿದರೆ ಆಟ ಸೇವ್ ಆಗುತ್ತದೆ, ತೆಗೆದ ಮಾಡ್‌ನ ವಸ್ತುಗಳೆಲ್ಲ ಎರರ್ ಐಟಂ ಆಗಿ ಕೂತಿರುತ್ತವೆ ಅಥವಾ ಹೋಗೇಬಿಡುತ್ತವೆ. ಕ್ಯಾಲೆಂಡರ್ ನೋಡಲು ಮಲಗುವ ಅಗತ್ಯವೇ ಇಲ್ಲ. ಬೆಳಿಗ್ಗೆ ಎದ್ದು ಅಂಗಡಿ ತನಕ ಓಡಿ, ನೋಡಿ, ಸೇವ್ ಮಾಡದೆ ಆಚೆ ಬನ್ನಿ. ಇನ್ನೂ ಒಳ್ಳೆಯದೆಂದರೆ ಪರೀಕ್ಷೆಗೇ ಒಂದು ಹೊಸ ತೋಟ ಶುರು ಮಾಡುವುದು. ಅದರಲ್ಲಿ ಋತು ಬದಲಿಸಲು "ವರ್ಲ್ಡ್ ಸೆಟ್‌ಸೀಸನ್ ವಿಂಟರ್" ಸಾಕು. ವರ್ಲ್ಡ್ ಮತ್ತು ಸೆಟ್‌ಸೀಸನ್ ನಡುವೆ ಅಂಡರ್‌ಸ್ಕೋರ್ ಇರಬೇಕು, ಆಮೇಲೆ ಜಾಗ ಬಿಟ್ಟು ಋತು.

ದಿನಾಂಕವೇ ತಪ್ಪಿದ್ದರೆ

ಇದು ಕಡಿಮೆ ಜನಕ್ಕೆ ಆಗುವುದು. ಆದದ್ದರಲ್ಲಿ ಜಾಸ್ತಿ ನಾವೇ ಮಾಡಿಕೊಂಡದ್ದು. ಸಮಯ ಮುಂದೆ ಹೋಗುತ್ತಲೇ ಇಲ್ಲ ಅಂದರೆ ಮೊದಲು ಚೀಟ್ಸ್ ಮೆನು ಮಾಡ್‌ನಲ್ಲಿ ಸಮಯ ನಿಲ್ಲಿಸುವ ಗುಂಡಿ ಒತ್ತಿದ್ದೀರಾ ನೋಡಿ. ನಗಬೇಡಿ, ನಾನೂ ಒತ್ತಿದ್ದೆ. ಋತುವನ್ನು 28 ದಿನಕ್ಕಿಂತ ಉದ್ದ ಮಾಡುವ ಮಾಡ್ ಹಾಕಿದ್ದರೆ ಬೋರ್ಡ್ ತಲೆಕೆಳಗಾಗುವುದು ಸಹಜ, ಇರುವುದೇ ಏಳರಂತೆ ನಾಲ್ಕು ಸಾಲು ಮನೆ. ಅಂಥ ಮಾಡ್ ಅರ್ಧ ದಾರಿಯಲ್ಲಿ ತೆಗೆಯುವ ಮುಂಚೆ ದಿನಾಂಕವನ್ನು 28ರ ಒಳಗೆ ತಂದುಕೊಳ್ಳಿ.

ತರುವುದು ಹೀಗೆ (ಮೂರರಲ್ಲೂ ವರ್ಲ್ಡ್ ಆದ ಮೇಲೆ ಅಂಡರ್‌ಸ್ಕೋರ್): "ವರ್ಲ್ಡ್ ಸೆಟ್‌ಡೇ" ಮುಂದೆ 1ರಿಂದ 28ರ ಒಳಗಿನ ಸಂಖ್ಯೆ, "ವರ್ಲ್ಡ್ ಸೆಟ್‌ಸೀಸನ್" ಮುಂದೆ ಸ್ಪ್ರಿಂಗ್, ಸಮ್ಮರ್, ಫಾಲ್, ವಿಂಟರ್ ಇವುಗಳಲ್ಲೊಂದು, "ವರ್ಲ್ಡ್ ಸೆಟ್‌ಇಯರ್" ಮುಂದೆ ವರ್ಷ. ಇವು ಸ್ಮಾಪಿ ಜೊತೆಗೇ ಬರುವ ಕಮಾಂಡುಗಳು, ಬೇರೆ ಏನೂ ಇಳಿಸಿಕೊಳ್ಳಬೇಕಿಲ್ಲ. ಬದಲಿಸಿದ ತಕ್ಷಣ ಎಲ್ಲಾ ಹೊಂದಿಕೊಳ್ಳುತ್ತದೆ ಅಂದುಕೊಳ್ಳಬೇಡಿ. ಕಂಟೆಂಟ್ ಪ್ಯಾಚರ್ ಮಾಡ್‌ಗಳು ಸಾಮಾನ್ಯವಾಗಿ ದಿನ ಶುರುವಾದಾಗ ಮಾತ್ರ ದಿನಾಂಕ ನೋಡಿಕೊಳ್ಳುತ್ತವೆ. ಅದಕ್ಕೇ ಋತು ಬದಲಾದರೂ ಅವುಗಳ ಚಿತ್ರ ಹಳೆಯದೇ ಉಳಿಯುವುದು. "ಪ್ಯಾಚ್ ಅಪ್‌ಡೇಟ್" ಹೊಡೆದರೆ ಕೂಡಲೇ ಮತ್ತೆ ನೋಡಿಕೊಳ್ಳುತ್ತವೆ. ನನ್ನ ಅಭ್ಯಾಸ ಬೇರೆ. ಬೇಕಾದ ದಿನಕ್ಕಿಂತ ಒಂದು ದಿನ ಹಿಂದಕ್ಕೆ ಇಟ್ಟು ಆಟದಲ್ಲೇ ಮಲಗಿ ಏಳುತ್ತೇನೆ.

ಸೇವ್ ಕಡತವನ್ನೇ ತಿದ್ದುವ ಧೈರ್ಯವಂತರಿಗೆ ಒಂದು ಮಾತು. ಫೋಲ್ಡರಿನಲ್ಲಿ ಎರಡು ಕಡತ ಇವೆ. ತೋಟದ ಪೂರ್ತಿ ವಿವರ ಇರುವುದು ಫೋಲ್ಡರಿನ ಹೆಸರನ್ನೇ ಹೊತ್ತ ದೊಡ್ಡ ಕಡತದಲ್ಲಿ. ಸೇವ್‌ಗೇಮ್‌ಇನ್ಫೋ ಅನ್ನುವುದು ಲೋಡ್ ಪರದೆಯಲ್ಲಿ ತೋರಿಸಲು ಇಟ್ಟುಕೊಂಡ ಚೀಟಿ. ನಾನು ಚೀಟಿಯಲ್ಲಿ ತಾರೀಕು ತಿದ್ದಿ, ಲೋಡ್ ಪರದೆಯಲ್ಲಿ ಸರಿ ಬಂತು ಅಂತ ಕುಣಿದು, ಒಳಗೆ ಹೋಗಿ ನೋಡಿದರೆ ಹಳೆಯ ತಾರೀಕೇ. ಹಾಗೇ ಲೋಡ್ ಪರದೆ ಒಂದು ದಿನ, ಒಳಗೆ ಇನ್ನೊಂದು ದಿನ ತೋರಿಸುತ್ತಿದ್ದರೆ ಏನೂ ಮಾಡಬೇಡಿ, ಒಂದು ರಾತ್ರಿ ಮಲಗಿದರೆ ಚೀಟಿ ತಾನೇ ಹೊಸದಾಗಿ ಬರೆದುಕೊಳ್ಳುತ್ತದೆ.

ಬರೀ ಚಿತ್ರ ಹಾಳಾಗಿದ್ದರೆ

ಇಲ್ಲಿ ಭಯ ಇಲ್ಲ, ಕಣ್ಣಿಗೆ ಕಿರಿಕಿರಿ ಅಷ್ಟೇ. ಬೋರ್ಡ್ ಅರ್ಧ ಕಂದು, ಅರ್ಧ ಹಸಿರು ಅಥವಾ ಹೂಬಳ್ಳಿ ಬಂದಿದ್ದರೆ ಬಣ್ಣ ಬದಲಿಸುವ ಎರಡು ಮಾಡ್ ಒಂದೇ ಬಿಲ್‌ಬೋರ್ಡ್ ಚಿತ್ರಕ್ಕೆ ಜಗಳಾಡುತ್ತಿವೆ. ಒಂದನ್ನು ಆರಿಸಿಕೊಳ್ಳಿ. ಇಬ್ಬರೂ ಪೂರಾ ಚಿತ್ರ ನನ್ನದೇ ಇರಲಿ ಅಂತ ಹಟ ಹಿಡಿದರೆ ಸ್ಮಾಪಿ ಇಬ್ಬರದ್ದನ್ನೂ ಬಿಟ್ಟು ಆಟದ ಮೂಲ ಚಿತ್ರ ಹಾಕುತ್ತದೆ, ಲಾಗ್‌ನಲ್ಲಿ ಇಬ್ಬರ ಹೆಸರನ್ನೂ ಬರೆಯುತ್ತದೆ.

ಮೌಸ್ 12ರ ಮೇಲಿಟ್ಟರೆ 13ರ ವಿವರ ಬರುತ್ತಿದ್ದರೆ ಆಯ್ಕೆಗಳಲ್ಲಿ ಯುಐ ಸ್ಕೇಲ್ (ಮೆನುಗಳ ಗಾತ್ರ) ಅನ್ನು 100ಕ್ಕೆ ತನ್ನಿ. ಅದು ಝೂಮ್‌ಗಿಂತ ಬೇರೆಯದು, ಎರಡನ್ನೂ ನೋಡಿ. ಎಲ್ಲಿಂದ ಬೇಕಾದರೂ ಕ್ಯಾಲೆಂಡರ್ ತೆರೆಯುವ ಮಾಡ್ ಹಾಕಿದ್ದರೆ ಅದರಿಂದ ತೆರೆದು ಒಮ್ಮೆ, ಅಂಗಡಿ ಮುಂದೆ ನಿಂತು ಒಮ್ಮೆ ನೋಡಿ. ಅಂಗಡಿ ಮುಂದಿನದು ಸರಿಯಿದ್ದರೆ ತಪ್ಪು ಆ ಮಾಡ್‌ನದು.

ಕ್ಯಾಲೆಂಡರಿನ ಮನೆಯಲ್ಲಿ ಮುಖದ ಬದಲು ಹೊಟ್ಟೆಯೋ ಅರ್ಧ ಕಿವಿಯೋ ಕಾಣುತ್ತಿದ್ದರೆ ಆ ಪಾತ್ರದ ಚಿತ್ರ ಮಾಮೂಲಿ ಅಳತೆಯದ್ದಲ್ಲ. ಬೋರ್ಡಿಗೆ ಬೇಕಾದ ಮುಖವನ್ನು ಆಟ ಆ ಪಾತ್ರದ ನಡೆಯುವ ಚಿತ್ರದಿಂದಲೇ ಕತ್ತರಿಸಿಕೊಳ್ಳುತ್ತದೆ. ಎಲ್ಲಿ ಕತ್ತರಿಸಬೇಕು ಅಂತ ಹೇಳಲು ಮಗ್‌ಶಾಟ್‌ಸೋರ್ಸ್‌ರೆಕ್ಟ್ ಅನ್ನುವ ಸಾಲಿದೆ. ತಂಗಿಯ ಅಜ್ಜಿಗೂ ಇದೇ ಆಯಿತು. ಫಾಲ್ ಅಂತ ತಿದ್ದಿದ ಮೇಲೆ ಬೋರ್ಡಿಗೆ ಬಂದಳು, ಬಂದವಳ ತುರುಬು ಮಾತ್ರ ಕಾಣುತ್ತಿತ್ತು. ನಾಲ್ಕು ಪಿಕ್ಸೆಲ್ ಕೆಳಗೆ ಸರಿಸಿದೆವು.

ಇಬ್ಬರು ಮೂವರು ಸೇರಿ ಆಡುವವರು ಎಲ್ಲರ ಕಂಪ್ಯೂಟರಿನಲ್ಲೂ ಒಂದೇ ಮಾಡ್, ಒಂದೇ ಆವೃತ್ತಿ ಇದೆಯಾ ನೋಡಿಕೊಳ್ಳಿ. ಒಬ್ಬರ ಬೋರ್ಡಿನಲ್ಲಿ ಅಜ್ಜಿ ಇದ್ದು ಇನ್ನೊಬ್ಬರದ್ದರಲ್ಲಿ ಇಲ್ಲ ಅಂದರೆ ಕಾರಣ ಬಹುಪಾಲು ಅದೇ.

ನಾನು ಕೊನೆಗೆ ದಿನವನ್ನು 9ಕ್ಕೆ ಇಟ್ಟು ಮಲಗಿ ಎದ್ದೆ. 10ರ ಮನೆಯಲ್ಲಿ ಸೆಬಾಸ್ಟಿಯನ್ ಮುಖ ಬಂದಿತ್ತು. ಪೆಟ್ಟಿಗೆಯಲ್ಲಿ ಇನ್ನೊಂದು ಫ್ರೋಜನ್ ಟಿಯರ್ ಇರಲಿಲ್ಲ, ಗಣಿಗೆ ಇಳಿದು ತರಬೇಕಾಯಿತು.